ಒಂದೇ ತಿರುವಿನವನು

ಬಟವಾಡಿ ಸರ್ಕಲ್ಲಿನಲ್ಲಿ ಅವನ ಫ್ಲೆಕ್ಸ್ ಕಟ್ಟಿದ್ದಾರೆ. ಇಸ್ತ್ರಿ ಮಾಡಿದ ಬಿಳಿ ಷರಟು, ಹಣೆಗೆ ಉದ್ದ ಕುಂಕುಮ, ತೋರುಬೆರಳಿಗೆ ಸಿಕ್ಕಿಸಿಕೊಂಡ ಕೀ ಗೊಂಚಲು. ಕೆಳಗೆ ‘ಅಣ್ಣಾ, ಮತ್ತೆ ಹುಟ್ಟಿ ಬಾ’ ಎಂದು ಬರೆಸಿದ್ದಾರೆ. ಬರಲಿ. ಅವನು ಬಂದರೆ ನಾನೂ ಬರುತ್ತೇನೆ.

ನಿನ್ನೆ ನಿಮ್ಮನ್ನು ಸ್ಕೂಲಿಗೆ ಬಿಡಲು ಹೋಗುವಾಗ ಸಿರಿ ಅದನ್ನು ಓದಿ, “ಅಜ್ಜಿ, ಇವರು ನಮ್ಮ ಕಾರಿನ ಹಳೇ ಗ್ಯಾರೇಜ್ ಅಂಕಲ್ ಅಲ್ವಾ? ಅಪ್ಪ ಮುಖ ನೋಡೋಕೆ ಹೋಗಿದ್ರು. ನೀನ್ಯಾಕೆ ಹೋಗಲಿಲ್ಲ?” ಎಂದು ಕೇಳಿದಳು. ನಿಮ್ಮಪ್ಪ ಕನ್ನಡಿಯಲ್ಲಿ ನನ್ನ ಮುಖ ನೋಡಿದ. ನಾನು ಕಿಟಕಿ ಕಡೆ ತಿರುಗಿಕೊಂಡೆ. ಚಿರು ಕೂಡ ತನ್ನ ಹಳೇ ಪ್ರಶ್ನೆ ತೆಗೆದ. “ಕಾರು ಓಡಿಸೋದು ಅಪ್ಪ, ಸ್ಟಾರ್ಟ್ ಮಾಡೋದು ಮಾತ್ರ ದಿನಾ ನೀನೇ ಯಾಕೆ? ಕಣ್ಣು ಮುಚ್ಕೊಂಡು ಏನು ಮಂತ್ರ ಹೇಳ್ತೀಯ?”

ಎರಡು ಪ್ರಶ್ನೆಗೂ ಉತ್ತರ ಒಂದೇ. ಬಾಯಲ್ಲಿ ಹೇಳಲು ನನಗೆ ಬರುವುದಿಲ್ಲ. ನಾಲ್ಕು ಜನ ನೋಡಿದರೆ ನನ್ನ ನಾಲಿಗೆ ಒಳಕ್ಕೆ ಹೋಗುತ್ತದೆ. ಚಿಕ್ಕಂದಿನಿಂದಲೂ ಹಾಗೇ. ಕಡಬದ ಸ್ಕೂಲಿನಲ್ಲಿ ಮೇಷ್ಟ್ರು ಹಾಜರಿ ಕೂಗಿದರೆ ನನ್ನ ಬದಲು ಪಕ್ಕದವಳು ‘ಬಂದಿದಾಳೆ ಸಾ’ ಅನ್ನುತ್ತಿದ್ದಳು. ಏಳನೇ ಕ್ಲಾಸಿಗೆ ಬಿಡಿಸಿದರು. ಆದರೆ ಅಕ್ಷರ ಗುಂಡಾಗಿದೆ, ಹಾಗಾಗಿ ಬರೆಯುತ್ತಿದ್ದೇನೆ.

ಅವನ ಹೆಸರು ಬರೆಯುವುದಿಲ್ಲ. ಫ್ಲೆಕ್ಸಿನ ಮೇಲೆ ಬೇಕಾದಷ್ಟು ದೊಡ್ಡದಾಗಿ ಇದೆ. ನಿಮ್ಮಮ್ಮ ಈ ಹಾಳೆ ನೋಡಿ, “ಸತ್ತೋರನ್ನ ಏಕವಚನದಲ್ಲಿ ಬರೀತಿದೀರಲ್ಲ ಅತ್ತೆ” ಅಂದಳು. ಬದುಕಿದ್ದಾಗ ಬಹುವಚನದಲ್ಲೇ ಕರೆದಿದ್ದೇನೆ. ಅದೇ ಹೆಚ್ಚಾಯಿತು.

ಮೆಕ್ಯಾನಿಕ್ ಅಂದರೆ ಗ್ರೀಸು ಮೆತ್ತಿದ ಬಟ್ಟೆ ಎಂದು ನೀವು ಅಂದುಕೊಳ್ಳುತ್ತೀರಿ. ಅವನು ಬಿಳಿ ಷರಟು ಬಿಟ್ಟು ಬೇರೆ ತೊಟ್ಟವನಲ್ಲ. ಇಂಜಿನ್ನಿನ ಹೊಟ್ಟೆಯೊಳಗೆ ಕೈಯಾಡಿಸಿ ತೆಗೆದರೂ ತೋಳಿಗೆ ಒಂದು ಚುಕ್ಕೆ ಅಂಟುತ್ತಿರಲಿಲ್ಲ. ಉದ್ದದೊಂದು ಸ್ಕ್ರೂಡ್ರೈವರ್ ಇತ್ತು. ಅದರ ತುದಿಯನ್ನು ಓಡುತ್ತಿರುವ ಇಂಜಿನ್ನಿಗೆ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚುತ್ತಿದ್ದ. ಸುತ್ತ ನಿಂತ ಗಂಡಸರೆಲ್ಲ ಬೀಡಿ ಎಳೆಯುವುದನ್ನೂ ನಿಲ್ಲಿಸುತ್ತಿದ್ದರು. ಆಮೇಲೆ ಅವನು ಕಣ್ಣು ತೆರೆದು, ‘ಮೂರನೇ ಪ್ಲಗ್ಗು’ ಅಂತಲೋ ‘ಬೇರಿಂಗು’ ಅಂತಲೋ ತೀರ್ಪು ಕೊಡುತ್ತಿದ್ದ. ಬಿಚ್ಚಿ ನೋಡಿದರೆ ಅದೇ ಆಗಿರುತ್ತಿತ್ತು. ಇದ್ದದ್ದನ್ನು ಮುಚ್ಚಿಟ್ಟರೆ ಅವನಿಗೂ ನನಗೂ ವ್ಯತ್ಯಾಸ ಇರುವುದಿಲ್ಲ, ಅದಕ್ಕೇ ಇದನ್ನೂ ಬರೆದಿದ್ದೇನೆ.

ನಿಮ್ಮಜ್ಜ ಗುಬ್ಬಿಯ ಪಶು ಆಸ್ಪತ್ರೆಯಲ್ಲಿ ಇನ್ಸ್‌ಪೆಕ್ಟರ್ ಆಗಿದ್ದರು. ಊರವರಿಗೆಲ್ಲ ದನದ ಡಾಕ್ಟ್ರು. ಹಳ್ಳಿ ಹಳ್ಳಿ ಸುತ್ತಲು ಈ ಬಿಳಿ ಕಾರು ಕೊಂಡರು. ಇಂಜಿನ್ನಿಗೆ ಪೆಟ್ರೋಲ್ ಬಿಡುವ ಹಳೇ ಕಾರ್ಬುರೇಟರ್ ಹೋಗಿ ಇಂಜೆಕ್ಷನ್ ಬಂದ ಹೊಸತರ ಕಾರು. ಅದೇ ನೆಪದಲ್ಲಿ ಅವನ ಪರಿಚಯ. ಇಬ್ಬರಿಗೂ ಬಹಳ ಹೊಂದಿತು. ಅವನು ಹೇಳುತ್ತಿದ್ದ, “ನಿಮ್ ಪೇಷಂಟೂ ಬಾಯ್ಬಿಟ್ಟು ಹೇಳಲ್ಲ, ನನ್ ಪೇಷಂಟೂ ಹೇಳಲ್ಲ ಡಾಕ್ಟ್ರೆ. ವ್ಯತ್ಯಾಸ ಏನಪ್ಪಾ ಅಂದ್ರೆ ನಿಮ್ಮವು ಒದೀತವೆ, ನನ್ನವು ಒದೆಸ್ಕೊಳ್ತವೆ.” ಎಷ್ಟು ಸಲ ಹೇಳಿದರೂ ನಿಮ್ಮಜ್ಜ ಹೊಸದಾಗಿ ಕೇಳಿದ ಹಾಗೆ ನಗುತ್ತಿದ್ದರು.

ಅವನದು ಇನ್ನೊಂದು ಮಾತಿತ್ತು, ಗ್ಯಾರೇಜಿನ ಗೋಡೆ ಮೇಲೂ ಬರೆಸಿದ್ದ: ‘ಗಾಡಿ ಸುಳ್ಳು ಹೇಳಲ್ಲ, ಓನರ್ ಹೇಳ್ತಾನೆ.’

ಹೆಂಗಸರ ಜೊತೆ ಅವನು ಮಾತಾಡುತ್ತಿರಲಿಲ್ಲ. ಮರ್ಯಾದೆಗಲ್ಲ. ಲೆಕ್ಕಕ್ಕೇ ಇಟ್ಟುಕೊಳ್ಳುತ್ತಿರಲಿಲ್ಲ ಅಷ್ಟೇ. ಗುಬ್ಬಿಯ ನಮ್ಮ ಮನೆಗೆ ಊಟಕ್ಕೆ ಬಂದಾಗ ನಾನು ಸೌಟು ಹಿಡಿದು ಎದುರಿಗೇ ನಿಂತಿದ್ದರೂ, “ಡಾಕ್ಟ್ರೆ, ಅಮ್ಮಾವ್ರಿಗೆ ಹೇಳಿ, ಸಾರು ಇನ್ನೊಂಚೂರು ಹಾಕ್ಲಿ” ಅನ್ನುತ್ತಿದ್ದ. ನಿಮ್ಮಜ್ಜ ನನ್ನ ಕಡೆ ನೋಡಿ ಅದನ್ನೇ ಇನ್ನೊಂದು ಸಲ ಹೇಳುತ್ತಿದ್ದರು. ನಾನು ಬಡಿಸುತ್ತಿದ್ದೆ.

ಕಾರು ಸ್ಟಾರ್ಟ್ ಮಾಡುವುದರಲ್ಲಿ ಅವನಿಗೊಂದು ಜಂಬ. ಸೀಟಿನಲ್ಲಿ ಪೂರ್ತಿ ಕೂರುತ್ತಲೂ ಇರಲಿಲ್ಲ. ಒಂದು ಕಾಲು ಹೊರಗೇ ಇಟ್ಟು, ಬಗ್ಗಿ, ಕೀ ಸಿಕ್ಕಿಸಿ ಒಂದೇ ಏಟಿಗೆ ಕೊನೆಯವರೆಗೂ ತಿರುಗಿಸುತ್ತಿದ್ದ. “ನನ್ ಕೈಲಿ ಒಂದೇ ತಿರುವು” ಎಂದು ಹೇಳಿ, ಗೊಂಚಲನ್ನು ಬೆರಳಲ್ಲಿ ಗಿರಗಿರ ಆಡಿಸುತ್ತಾ ಹೋಗಿಬಿಡುತ್ತಿದ್ದ.

ನಿಮ್ಮಜ್ಜನ ಕ್ರಮ ಬೇರೆ. ಅವರು ಕೂತು, ಬಾಗಿಲು ಹಾಕಿ, ಕೀಯನ್ನು ಅರ್ಧಕ್ಕೆ ತಿರುಗಿಸುತ್ತಿದ್ದರು. ಮುಂದೆ ದೀಪಗಳೆಲ್ಲ ಹತ್ತಿಕೊಳ್ಳುತ್ತಿದ್ದವು. ಡ್ಯಾಶ್‌ಬೋರ್ಡಿನ ಮೇಲೆ ಯಡಿಯೂರು ಸಿದ್ಧಲಿಂಗೇಶ್ವರನ ಪುಟ್ಟ ಪಟ ಇದೆಯಲ್ಲ, ಅದಕ್ಕೆ ಕೈ ಮುಗಿದು ಆಮೇಲೆ ಪೂರ್ತಿ ತಿರುಗಿಸುತ್ತಿದ್ದರು. ನನ್ನ ಜಾಗ ಯಾವಾಗಲೂ ಹಿಂದಿನ ಸೀಟು. ಮುಂದೆ ಮಾವನವರೋ ಮೈದುನರೋ ಊರ ಗೌಡರೋ ಯಾರಾದರೂ ಇರುತ್ತಿದ್ದರು. ಯಾರೂ ಇಲ್ಲದಿದ್ದರೂ ನಾನು ಹಿಂದೆಯೇ ಕೂರುತ್ತಿದ್ದೆ, ನಾಚಿಕೆ. ಅವರು ಕೈ ಮುಗಿಯುವಾಗ ನನ್ನ ಸೀಟಿನ ಕೆಳಗೆ ‘ಜುಂಯ್’ ಎಂದು ಸಣ್ಣ ಸದ್ದಾಗುತ್ತಿತ್ತು. ಡಬ್ಬಿಯೊಳಗೆ ಜೇನುಹುಳ ಹೊಕ್ಕ ಹಾಗೆ. ಒಂದು ಗಳಿಗೆ ಆಗಿ ನಿಲ್ಲುತ್ತಿತ್ತು. ಅದು ನಿಂತ ಮೇಲೆ ಕಾರು ಸ್ಟಾರ್ಟ್ ಆಗುತ್ತಿತ್ತು. ಮುಂದೆ ಕೂತ ಗಂಡಸರು ಯಾರೂ ಅದನ್ನು ಕೇಳಿದವರಲ್ಲ.

ಒಂದು ಬೇಸಿಗೆಯಲ್ಲಿ ನನ್ನ ತವರಿಗೆ ಹೋಗುವಾಗ ಕಡಬದ ಕೆರೆ ಏರಿ ಮೇಲೆ ಕಾರು ನಿಂತುಹೋಯಿತು. ಅವನೇ ತುಮಕೂರಿನಿಂದ ಬಂದ. ಹಗ್ಗ ಕಟ್ಟಿ ಎಳೆಸಿದ. ನಮ್ಮಣ್ಣನ ಮನೆಯವರು ಮಜ್ಜಿಗೆ ತಂದರೆ, “ಗಾಡಿ ಉಸಿರಾಡೋಗಂಟ ನಾನು ನೀರು ಮುಟ್ಟಲ್ಲ” ಎಂದು ವಾಪಸು ಕಳಿಸಿದ. ಪೆಟ್ರೋಲ್ ಪಂಪು ಕೆಟ್ಟಿದೆ ಅಂದ. ಟ್ಯಾಂಕಿನೊಳಗಿನ ಪೆಟ್ರೋಲನ್ನು ಇಂಜಿನ್ನಿಗೆ ತಳ್ಳುವ ಮೋಟಾರು ಅದು. ಎರಡು ದಿನ ಕಾರು ಇಟ್ಟುಕೊಂಡು, “ಹೊಸಾ ಪಂಪ್ ಹಾಕಿದೀನಿ ಡಾಕ್ಟ್ರೆ, ಇನ್ನು ನಿಮ್ ಮೊಮ್ಮಕ್ಕಳ ಕಾಲಕ್ಕೂ ಯೋಚನೆ ಇಲ್ಲ” ಎಂದು ಕೊಟ್ಟ.

ಯೋಚನೆ ಶುರುವಾಗಿದ್ದೇ ಆವತ್ತಿನಿಂದ. ಬೆಳಿಗ್ಗೆ ಎದ್ದು ಸ್ಟಾರ್ಟ್ ಮಾಡಿದರೆ ಕರ್ರ್ ಕರ್ರ್ ಎನ್ನುವುದು, ಹಿಡಿಯುತ್ತಿರಲಿಲ್ಲ. ಒಂದು ಸಲ ಓಡಿಸಿ, ಆರಿಸಿ ಕೂಡಲೇ ಹಚ್ಚಿದರೆ ಸರಿ. ಎಲ್ಲಾದರೂ ಸ್ವಲ್ಪ ಹೊತ್ತು ನಿಲ್ಲಿಸಿದರೆ ಮತ್ತೆ ಅದೇ ರಾಗ. ನಿಮ್ಮಜ್ಜ ಕೈ ಮುಗಿಯುವುದನ್ನು ಎರಡು ಸಲ ಮಾಡಿದರು. ಅರ್ಧ ತಿರುಗಿಸಿ ಒಂದು ಸಲ, ಆರಿಸಿ ಮತ್ತೆ ತಿರುಗಿಸಿ ಇನ್ನೊಂದು ಸಲ. “ಒಂದು ಯಡಿಯೂರಪ್ಪಂಗೆ, ಒಂದು ನಮ್ಮವ್ವಂಗೆ. ದೇವ್ರ ಪಾಲು ಬೇರೆ, ತಾಯಿ ಪಾಲು ಬೇರೆ” ಎಂದು ನಗುತ್ತಿದ್ದರು. ಹಾಗೆ ಮಾಡಿದರೆ ಸ್ಟಾರ್ಟ್ ಆಗುತ್ತಿತ್ತು. ನನ್ನ ಸೀಟಿನ ಕೆಳಗಿನ ಜೇನುಹುಳವೂ ಎರಡು ಸಲ ಕೂಗುತ್ತಿತ್ತು. ಸದ್ದು ಮಾತ್ರ ಮೊದಲಿನದಲ್ಲ, ಕೆಮ್ಮು ಹತ್ತಿದವರ ಹಾಗೆ ಒಡಕು.

ಅವನಿಗೆ ಹೇಳಿದರು. ನಾನೇ ಕೇಳಿಸಿಕೊಂಡಿದ್ದೇನೆ. “ಆತುರ ಮಾಡಿದ್ರೆ ಹಿಡಿಯಲ್ಲ ಕಣಪ್ಪ, ಒಂದ್ಸಲ ಬಿಚ್ಚಿ ನೋಡು” ಅಂದರು. ಅವನು ಗೊಂಚಲು ಆಡಿಸುತ್ತಾ, “ನಿಮ್ ಕೈಗೆ ಸ್ಟಾರ್ಟ್ ಆಗುತ್ತೋ ಇಲ್ವೋ? ಆಗುತ್ತಲ್ಲ, ಬುಡಿ ಡಾಕ್ಟ್ರೆ. ಹೊಸಾ ಪಂಪು ಹೊಸಾ ಹೋರಿ ಇದ್ದಂಗೆ, ಪಳಗ್ಬೇಕು” ಅಂದ. ದನದ ಡಾಕ್ಟರಿಗೆ ಹೋರಿ ಮಾತು ಹೇಳಿದರೆ ಒಪ್ಪದೆ ಇರುತ್ತಾರೆಯೇ?

ಆಮೇಲೆ ಆ ದಿನ ಬಂತು. ಉದ್ದ ಬರೆಯುವುದಿಲ್ಲ. ಮಧ್ಯಾಹ್ನ ಊಟ ಮಾಡಿ ಎದ್ದವರು ಎದೆ ಹಿಡಿದುಕೊಂಡು ಕೂತರು. ನಿಮ್ಮಪ್ಪ ತುಮಕೂರಿನಲ್ಲಿ ಡ್ಯೂಟಿಯಲ್ಲಿದ್ದ. ಎದುರು ಮನೆಯ ಬಸವರಾಜು ಓಡಿಬಂದು ಅವರನ್ನು ಎತ್ತಿ ಕಾರಿನ ಹಿಂದೆ ಮಲಗಿಸಿದ. ತಲೆ ನನ್ನ ತೊಡೆ ಮೇಲಿತ್ತು. ಬಸವರಾಜು ಕೂತವನೇ ಕೀ ತಿರುಗಿಸಿದ. ಕರ್ರ್ ಕರ್ರ್. ಬಿಟ್ಟು ಮತ್ತೆ ತಿರುಗಿಸಿದ. ಪಾಪ, ಅರ್ಧಕ್ಕೆ ನಿಲ್ಲಿಸಬೇಕು ಎಂದು ಅವನಿಗೆ ಯಾರು ಹೇಳಿದ್ದರು? ನಿಮ್ಮಜ್ಜ ಮಲಗಿದ ಕಡೆಯಿಂದಲೇ ಎರಡು ಕೈ ಎತ್ತಿ ಜೋಡಿಸಲು ನೋಡಿದರು. ಪೂರ್ತಿ ಜೋಡಿಸಲು ಆಗಲಿಲ್ಲ. ದೇವರನ್ನು ನೆನೆಯುತ್ತಿದ್ದಾರೆ ಎಂದುಕೊಂಡೆ. ಈಗ ಬೇರೆ ಅನ್ನಿಸುತ್ತದೆ. ಕೇಳೋಣವೆಂದರೆ ಅವರಿಲ್ಲ.

ನಾನು ಒಂದು ಮಾತೂ ಆಡಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ. ನನ್ನ ಬಾಯಿಂದ ಒಂದು ಸದ್ದು ಹೊರಡಲಿಲ್ಲ. ಬ್ಯಾಟರಿಯೇ ಸೋತು ಕಟಕಟ ಅನ್ನತೊಡಗಿದಾಗ ಬಸವರಾಜು ಇಳಿದು ರಸ್ತೆಗೆ ಓಡಿ ಆಟೋ ಹಿಡಿದು ತಂದ. ತುಮಕೂರಿನ ಆಸ್ಪತ್ರೆ ಬಾಗಿಲಿಗೆ ಹೋಗುವಷ್ಟರಲ್ಲಿ ಮುಗಿದಿತ್ತು. ಬೇಗ ಬಂದಿದ್ದರೆ ಉಳಿಯುತ್ತಿದ್ದರೋ ಇಲ್ಲವೋ, ಅಲ್ಲಿನ ಡಾಕ್ಟರು ಏನೂ ಹೇಳಲಿಲ್ಲ. ಹೇಳಿದವನು ಈ ಫ್ಲೆಕ್ಸಿನವನು.

ಹನ್ನೊಂದನೇ ದಿನ ಶಿವಗಣಾರಾಧನೆ. ಬಂಧುಗಳೆಲ್ಲ ಎಲೆ ಮುಂದೆ ಕೂತಿದ್ದರು. ಇವನು ಬಿಳಿ ಷರಟಿನಲ್ಲಿ ಬಂದ. ಅಂಗಳದಲ್ಲಿ ಕಾರು ನಿಂತಿತ್ತು. ಬ್ಯಾಟರಿ ಚಾರ್ಜ್ ಮಾಡಿಸಿ ತಂದು ಹಾಕಿದ್ದೆವು. ನಿಮ್ಮಪ್ಪ ದೀಪ ಹತ್ತುತ್ತದೋ ಎಂದು ಆಗಲೇ ಎರಡು ಮೂರು ಸಲ ಕೀ ಹಾಕಿ ತೆಗೆದು ನೋಡಿದ್ದ. ಇವನು ಅವನನ್ನು ಸರಿಸಿ, ಒಂದು ಕಾಲು ಹೊರಗೆ ಇಟ್ಟು, ಒಂದೇ ತಿರುವು. ಸ್ಟಾರ್ಟ್ ಆಯಿತು. ಪಂಕ್ತಿಯೆಲ್ಲ ತಿರುಗಿ ನೋಡಿತು. ಅವನು ಕೈ ಒರೆಸಿಕೊಳ್ಳುತ್ತಾ ಎಲ್ಲರಿಗೂ ಕೇಳುವ ಹಾಗೆ ಹೇಳಿದ:

“ಗಾಡಿಗೇನೂ ಆಗಿಲ್ಲ. ಗಾಬ್ರೀಲಿ ಅಕ್ಸಿಲೇಟರ್ ತುಳಿದು ತುಳಿದು ಇಂಜಿನ್ನಿಗೆ ಪೆಟ್ರೋಲ್ ತುಂಬ್ಸಿ ಫ್ಲಡ್ ಮಾಡವ್ರೆ. ಬಸವರಾಜಣ್ಣಂದೂ ತಪ್ಪಿಲ್ಲ ಬುಡಿ. ಹಿಂದೆ ಹೆಂಗಸ್ರು ಕೂಗಾಡ್ತಾ ಇದ್ರೆ ಗಂಡಸ್ರ ಕೈಕಾಲು ಆಡ್ತದಾ? ಅಮ್ಮಾವ್ರು ಒಂಚೂರು ಸುಮ್ನಿದ್ದಿದ್ರೆ ಡಾಕ್ಟ್ರು ಇವತ್ತು ನಮ್ ಜೊತೆ ಕೂತು ಉಣ್ಣೋರು.”

ನಾನು ಅಡುಗೆ ಮನೆ ಬಾಗಿಲಲ್ಲಿ ನಿಂತಿದ್ದೆ. ನಾನು ಕೂಗಿಲ್ಲ ಎಂದು ಕೂಗಿ ಹೇಳಬೇಕಾಗಿತ್ತು. ಬಾಯಿ ಬರಲಿಲ್ಲ. ಬಸವರಾಜು ತಲೆ ತಗ್ಗಿಸಿ ಅನ್ನ ಕಲಸುತ್ತಿದ್ದ. ಮಾತು ತನ್ನ ಮೇಲಿಂದ ಜಾರಿ ನನ್ನ ಮೇಲೆ ಬಿತ್ತಲ್ಲ, ಸುಮ್ಮನಾದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಅಂಥ ಹೊತ್ತಿನಲ್ಲಿ ಯಾರಾದರೂ ಸುಮ್ಮನಾಗುತ್ತಾರೆ.

ಆ ಮಾತು ಎಲೆಗಳ ಜೊತೆ ಹೊರಗೆ ಹೋಗಲಿಲ್ಲ, ಮನೆಯಲ್ಲೇ ಉಳಿಯಿತು. ನಿಮ್ಮಜ್ಜನ ತಂಗಿ, ನೀವು ಕುಣಿಗಲಜ್ಜಿ ಅನ್ನುತ್ತೀರಲ್ಲ, ನನ್ನ ನಾದಿನಿ, ಅವಳು ಅದನ್ನು ಜೋಪಾನವಾಗಿ ಇಟ್ಟುಕೊಂಡಳು. ಮದುವೆಮನೆಯಲ್ಲಿ ಯಾರಾದರೂ ನನ್ನನ್ನು ‘ಇವರು ಮಾತೇ ಆಡಲ್ಲ ಅಲ್ವಾ’ ಎಂದರೆ, “ಆಡಬಾರದ ಹೊತ್ನಲ್ಲಿ ಆಡಾಯ್ತಲ್ಲ” ಅನ್ನುತ್ತಿದ್ದಳು. ನಾನು ತಟ್ಟೆ ನೋಡುತ್ತಿದ್ದೆ.

ಗುಬ್ಬಿ ಬಿಟ್ಟು ತುಮಕೂರಿನ ಮರಳೂರಿಗೆ ಬಂದೆವು. ಕಾರು ನಿಮ್ಮಪ್ಪನ ಕೈಗೆ ಬಂತು. ಅದೇ ಕಾಯಿಲೆ. ಇವನ ಗ್ಯಾರೇಜಿಗೇ ಹೋಗುತ್ತಿತ್ತು. ಬ್ಯಾಟರಿ ಬದಲಾಯಿಸಿದ, ಪ್ಲಗ್ಗು ಬದಲಾಯಿಸಿದ, ಸ್ಟಾರ್ಟರ್ ಮೋಟಾರ್ ಬಿಚ್ಚಿ ಕಟ್ಟಿದ. ಪಂಪಿನ ಹತ್ತಿರ ಮಾತ್ರ ಹೋಗಲಿಲ್ಲ. ಕೊನೆಗೆ, “ವಯಸ್ಸಾಯ್ತು, ಮಾರಿಬುಡಿ” ಎಂದು ನಿಮ್ಮಪ್ಪನಿಗೆ ಹೇಳಿಕಳಿಸಿದ. ಮಾರುವ ಮುಂಚೆ ಒಂದು ಸಲ ಯಡಿಯೂರಿಗೆ ಹೋಗಿಬರೋಣ ಎಂದೆ. ವಾಪಸು ಬರುವಾಗ ಕುಣಿಗಲ್ಲಿನಲ್ಲಿ ನಾದಿನಿ ಮನೆಯಲ್ಲಿ ಊಟ. ಊಟ ಮುಗಿಸಿ ಹೊರಟರೆ ಕಾರು ಕರ್ರ್ ಕರ್ರ್.

ನಾದಿನಿ ಬಾಗಿಲಲ್ಲಿ ನಿಂತು, “ಅಣ್ಣನ್ನ ತಿಂದಿದ್ದು ಸಾಲ್ದು ಅಂತ ಇನ್ನೂ ಇಟ್ಕೊಂಡಿದೀರಲ್ಲ ಅತ್ತಿಗೆ ಇದನ್ನ” ಎಂದು ಒಳಗೆ ಹೋದಳು.

ನಿಮ್ಮಪ್ಪ ರಸ್ತೆ ಕೊನೆಯ ಗ್ಯಾರೇಜಿನವನನ್ನು ಕರೆತಂದ. ಗಡ್ಡದವನು, ಚೂಯಿಂಗ್ ಗಮ್ ಜಗಿಯುತ್ತಾ ಬಂದ. ಕಿವಿ ಕೊಟ್ಟು ಕೇಳುವ ನಾಟಕವೆಲ್ಲ ಇಲ್ಲ. ಇಂಜಿನ್ನಿಗೆ ಪೆಟ್ರೋಲ್ ಹೋಗುವ ಪೈಪಿಗೆ ಗಡಿಯಾರದಂಥ ಮೀಟರ್ ಸಿಕ್ಕಿಸಿದ. ಕೀ ಅರ್ಧ ತಿರುಗಿಸಲು ಹೇಳಿದ. ಮುಳ್ಳು ಒಂದಿಷ್ಟು ಮೇಲಕ್ಕೆ ಹೋಯಿತು. ಆರಿಸಿದ ಮೇಲೆ ಎಲ್ಲರೂ ನೋಡುತ್ತಿರುವಂತೆ ಮೆಲ್ಲಗೆ ಕೆಳಗೆ ಬಂದು ಮಲಗಿತು.

“ನೋಡಿ ಸಾ. ಪಂಪಲ್ಲಿ ಒಂದು ಸಣ್ಣ ಬಾಗ್ಲಿರುತ್ತೆ. ತಳ್ಳಿದ ಪೆಟ್ರೋಲು ವಾಪಸ್ ಹೋಗ್ದಂಗೆ ತಡೀತದೆ. ಅದು ಸವೆದೋಗಿದೆ. ಗಾಡಿ ನಿಲ್ಸಿದ್ರೆ ಪೈಪಲ್ಲಿರೋದೆಲ್ಲ ಟ್ಯಾಂಕಿಗೆ ವಾಪಸ್. ಮತ್ತೆ ತುಂಬ್ಕೊಳ್ಳೋಕೆ ಟೈಮ್ ಕೊಡ್ಬೇಕು. ಕಾಯ್ದೆ ಸ್ಟಾರ್ಟ್ ಹೊಡೆದ್ರೆ ಬ್ಯಾಟ್ರಿ ಬಲ ಎಲ್ಲ ಸ್ಟಾರ್ಟರಿಗೇ ಹೋಗಿ, ಪಂಪಿಗೆ ತಳ್ಳೋಕಾಗಲ್ಲ. ಕೀ ಹಾಕಿ ಪಂಪ್ ಸದ್ದು ನಿಲ್ಲೋವರ್ಗೂ ಕಾಯ್ಬೇಕು, ಇನ್ನೊಂದ್ಸಲ ಹಾಕ್ಬೇಕು, ಆಮೇಲೆ ಸ್ಟಾರ್ಟ್ ಹೊಡೀಬೇಕು.”

ಅಪರಿಚಿತ ಗಂಡಸಿನ ಎದುರು ನಾನು ಮಾತಾಡಿದ್ದು ಅದೇ ಮೊದಲಿರಬೇಕು. “ಪಂಪು ನನ್ನ ಸೀಟಿನ ಕೆಳಗಿದೆಯಾ ಅಪ್ಪ? ಜುಂಯ್ ಅನ್ನುತ್ತಾ?”

“ಊಂ ಅಮ್ಮ. ನಿಮಗೆಂಗೊತ್ತು?”

“ಇವರಪ್ಪ ಎರಡು ಸಲ ಕೈ ಮುಗೀತಿದ್ರು. ಎರಡು ಸಲಾನೂ ಅದು ಕೂಗೋದು.”

ಅವನು ಜಗಿಯುವುದನ್ನು ನಿಲ್ಲಿಸಿ ನಕ್ಕುಬಿಟ್ಟ. “ಸರಿಹೋಯ್ತು. ಅವ್ರು ಕೈ ಮುಗ್ದಿದ್ದಕ್ಕೇ ಓಡಿದೆ ಈ ಗಾಡಿ.”

“ಅಕ್ಸಿಲೇಟರ್ ತುಳಿದ್ರೆ ಪೆಟ್ರೋಲ್ ತುಂಬ್ಕೊಂಡು ಕೆಡುತ್ತಂತಲ್ಲ?”

“ಅದು ಹಳೇ ಕಾರ್ಬುರೇಟರ್ ಕಾಲದ ಮಾತಮ್ಮ. ಇದ್ರಲ್ಲಿ ಎಷ್ಟು ಪೆಟ್ರೋಲ್ ಬಿಡ್ಬೇಕು ಅಂತ ಗಾಡೀನೇ ಲೆಕ್ಕ ಹಾಕ್ಕೊಳ್ತದೆ. ಕಾಲಲ್ಲಿ ತುಳಿದ್ರೆ ಗಾಳಿ ದಾರಿ ತೆರೀತದೆ, ಅಷ್ಟೇ. ಯಾರ್ ಹೇಳಿದ್ದು ನಿಮಗೆ?”

ಅವನು ಹಿಂದಿನ ಸೀಟು ಎತ್ತಿ, ಮುಚ್ಚಳ ಬಿಚ್ಚಿದ. ಪಂಪಿನ ತಲೆಯ ಮೇಲೆ ಹಳದಿ ಬಣ್ಣದಲ್ಲಿ ಅಂಕಿ ಬರೆದಿತ್ತು. ಕನ್ನಡದ ಅಂಕಿ: ೩೬೧೯. ನಮ್ಮ ಕಾರಿನ ನಂಬರ್ ಅದಲ್ಲ. ತುಮಕೂರಿನಲ್ಲಿ ಬಿಚ್ಚಿದ ಸಾಮಾನಿನ ಮೇಲೆ ಹಳದಿ ಬಣ್ಣದಲ್ಲಿ, ಕನ್ನಡ ಅಂಕಿಯಲ್ಲಿ ಗಾಡಿ ನಂಬರ್ ಬರೆದಿಡುವವನು ಒಬ್ಬನೇ. “ಇಂಗ್ಲಿಷಲ್ಲಿ ಎಲ್ಲಾ ನನ್ಮಕ್ಳೂ ಬರೀತಾರೆ” ಎಂದು ಅದಕ್ಕೂ ಜಂಬಪಡುತ್ತಿದ್ದ. ಯಾವುದೋ ಗಾಡಿಯಿಂದ ಬಿಚ್ಚಿಟ್ಟ ಹಳೇ ಪಂಪನ್ನು ಹೊಸದೆಂದು ನಮಗೆ ಹಾಕಿದ್ದ. ಸವೆದದ್ದು ಅವನಿಗೆ ಗೊತ್ತಿತ್ತು. ಅದಕ್ಕೇ ಎಲೆ ಮುಂದೆ ನನ್ನ ಬಾಯಿಯ ಮೇಲೆ ಹಾಕಿದ. ಆವತ್ತು ಅವನ ಒಂದೇ ತಿರುವಿಗೆ ಹಿಡಿದದ್ದೂ ನಿಮ್ಮಪ್ಪ ಮುಂಚೆಯೇ ಕೀ ಹಾಕಿ ತೆಗೆದಿದ್ದಕ್ಕೆ.

ನಿಮ್ಮಪ್ಪನ ಮುಖ ಕೆಂಪಾಯಿತು. “ಈಗ್ಲೇ ಬದಲಾಯಿಸಿಬಿಡಿ” ಎಂದು ಗಡ್ಡದವನಿಗೆ ಹೇಳಿದ.

“ಬೇಡ” ಅಂದೆ ನಾನು. “ಆಯುಧಪೂಜೆ ಆಗ್ಲಿ.”

“ಏನಮ್ಮಾ ನೀನು? ದಿನಾ ಒದ್ದಾಡಬೇಕಾ?”

“ಒದ್ದಾಡು. ಎರಡು ಸಲ ಕೈ ಮುಗಿ, ಆಗುತ್ತೆ.”

ಆಯುಧಪೂಜೆ ಅವನ ದಿನ. ಗಿರಾಕಿಗಳೆಲ್ಲ ಬೆಳಿಗ್ಗೆಯೇ ಕಾರು ತೊಳೆದು ತಂದು ಗ್ಯಾರೇಜಿನ ಮುಂದೆ ಸಾಲಾಗಿ ನಿಲ್ಲಿಸಬೇಕು. ಚೆಂಡುಹೂವಿನ ಹಾರ, ಬಾಳೆಕಂದು, ಚಕ್ರದ ಕೆಳಗೆ ನಿಂಬೆಹಣ್ಣು. ಬೂದುಗುಂಬಳ ಒಡೆದ ಮೇಲೆ ಒಂದೊಂದು ಕಾರನ್ನೂ ಅವನೇ ಸ್ಟಾರ್ಟ್ ಮಾಡಿ, ನಿಂಬೆಹಣ್ಣಿನ ಮೇಲೆ ಹತ್ತಿಸಿ, ಕೀಯನ್ನು ಮಾಲೀಕರ ಕೈಗೆ ಕೊಡಬೇಕು. ಬೇರೆಯವರು ಮುಟ್ಟುವ ಹಾಗಿಲ್ಲ. ಅವನ ಕೈಗುಣ ವರ್ಷವಿಡೀ ಕಾಯುತ್ತದೆ ಎಂದು ಜನ ನಂಬಿದ್ದರು.

ನಾನು ಕುಣಿಗಲ್ಲಿಗೆ ಫೋನ್ ಮಾಡಿಸಿ, “ಹಬ್ಬಕ್ಕೆ ಬಾರಮ್ಮ, ತವರಿನ ಸೀರೆ ಕೊಡಬೇಕು” ಎಂದು ನಾದಿನಿಯನ್ನು ಕರೆಸಿಕೊಂಡೆ. ಗುಬ್ಬಿಯಿಂದ ಬಸವರಾಜುವನ್ನೂ ಕರೆಸಿದೆ. ಒಬ್ಬರಿಗೂ ಏಕೆಂದು ಹೇಳಲಿಲ್ಲ. ಕಾರನ್ನು ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ತಂದು ನಿಲ್ಲಿಸಲು ನಿಮ್ಮಪ್ಪನಿಗೆ ಹೇಳಿದೆ. ಅದು ನಿಂತಷ್ಟೂ ಪೈಪು ಖಾಲಿಯಾಗಲಿ ಎಂದು. ಮುಂದಿನ ಸಾಲಿನಲ್ಲಿ, ಎಲ್ಲರ ಕಣ್ಣಿಗೂ ಬೀಳುವ ಹಾಗೆ. ನಾನು ದೂರದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ, ಹೆಂಗಸರ ಜೊತೆ, ಸೆರಗು ಹೊದ್ದು ಕೂತೆ. ಪಕ್ಕದಲ್ಲಿ ನಾದಿನಿ.

ಅವನು ಬಂದ. ಒಂದೊಂದೇ ಕಾರು, ಒಂದೇ ತಿರುವು, ಚಪ್ಪಾಳೆ. ನಮ್ಮ ಕಾರಿಗೆ ಬಂದ. ಒಂದು ಕಾಲು ಹೊರಗೆ, ಒಂದೇ ತಿರುವು. ಕರ್ರ್. ಮತ್ತೆ ಕರ್ರ್.

“ಏನಣ್ಣೋ, ಪೇಷಂಟ್ ಕೋಮಾಗೆ ಹೋಯ್ತಾ?” ಎಂದ ಯಾರೋ. ಎಲ್ಲರೂ ನಕ್ಕರು. ಅವನೂ ನಕ್ಕ. ಮತ್ತೆ ತಿರುಗಿಸಿದ. ಎಲ್ಲಿ ಸ್ಟಾರ್ಟ್ ಆಗಿಬಿಡುತ್ತದೋ ಎಂದು ನಾನು ಕುರ್ಚಿಯ ಅಂಚಿಗೆ ಸರಿದೆ. ಜೀವನದಲ್ಲಿ ಒಂದು ಕಾರು ಹಿಡಿಯದಿರಲಿ ಎಂದು ಯಡಿಯೂರಪ್ಪನನ್ನು ಬೇಡಿಕೊಂಡದ್ದು ಆವತ್ತು ಒಂದೇ ಸಲ. ಕರ್ರ್ ಕರ್ರ್.

“ಊರಿನ ಗಾಡಿಗೆಲ್ಲ ಕೈಗುಣ, ಡಾಕ್ಟ್ರ ಗಾಡಿಗೆ ಮಾತ್ರ ಮಾಟವಾ?” ಎಂದ ಇನ್ನೊಬ್ಬ. ಬಿಳಿ ಷರಟಿನ ಬೆನ್ನು ಒದ್ದೆಯಾಗಿದ್ದನ್ನು ಆವತ್ತು ಮೊದಲು ನೋಡಿದೆ. ಅವನು ಎರಡನೇ ಕಾಲನ್ನೂ ಒಳಗೆ ತೆಗೆದುಕೊಂಡು ಪೂರ್ತಿ ಕೂತ. ಆಮೇಲೆ ಇಳಿದು, ನಿಮ್ಮಪ್ಪನ ಕಡೆ ತಿರುಗಿ ಜೋರಾಗಿ ಹೇಳಿದ: “ಯಾರೋ ಅಕ್ಸಿಲೇಟರ್ ತುಳಿದು ಫ್ಲಡ್ ಮಾಡವ್ರೆ ಕಣಯ್ಯ!”

ಆ ಮಾತಿಗೇ ಕಾಯುತ್ತಿದ್ದೆ. ಎದ್ದೆ. ಅವನ ಎದುರಿಗೆ ಹೋಗಿ ನಿಂತೆ.

“ಇವತ್ತು ಯಾರು ಕೂಗಿದ್ರು?” ಎಂದೆ.

ಅವನಿಗೆ ಅರ್ಥವಾಗಲಿಲ್ಲ. ಅಭ್ಯಾಸದಂತೆ ನಿಮ್ಮಪ್ಪನ ಮುಖ ನೋಡಿದ.

“ಅವನನ್ನ ಯಾಕೆ ನೋಡ್ತೀರಿ? ಕೇಳ್ತಿರೋಳು ನಾನು. ನಾನು ಅಲ್ಲಿ ಕುರ್ಚಿ ಮೇಲೆ ಬಾಯಿ ಮುಚ್ಕೊಂಡು ಕೂತಿದ್ದೆ. ಇಷ್ಟು ಜನ ನೋಡವ್ರೆ. ಹಿಂದಿನ ಸೀಟಲ್ಲಿ ಯಾವ ಹೆಂಗಸೂ ಇಲ್ಲ. ನಿಮ್ಮ ಕೈ ಯಾಕೆ ಆಡಲಿಲ್ಲ?”

ನಾನು ಕೀಗೆ ಕೈ ಚಾಚಿದೆ. ಗೊಂಚಲನ್ನೇ ಕೊಟ್ಟ. ಡ್ರೈವರ್ ಸೀಟಿನಲ್ಲಿ ನಾನು ಕೂತದ್ದು ಅದೇ ಮೊದಲು. ಅರ್ಧ ತಿರುಗಿಸಿದೆ. ಕೈ ಮುಗಿದೆ. ಹಿಂದೆ ಜುಂಯ್ ಎಂದಿತು, ನಿಂತಿತು. ಆರಿಸಿದೆ. ಮತ್ತೆ ತಿರುಗಿಸಿದೆ, ಮತ್ತೆ ಕೈ ಮುಗಿದೆ. ಆಮೇಲೆ ಪೂರ್ತಿ ತಿರುಗಿಸಿದೆ. ಕಾರು ಸ್ಟಾರ್ಟ್ ಆಯಿತು.

ಆರಿಸಿ, ಕೀ ತೆಗೆದುಕೊಂಡು ಇಳಿದು ಹಿಂದಿನ ಬಾಗಿಲು ತೆಗೆದೆ. ನಿಮ್ಮಪ್ಪ ಸೀಟು ಎತ್ತಿದ, ಮುಚ್ಚಳ ಸರಿಸಿದ. ನಾನು ಏಳನೇ ಕ್ಲಾಸಿನಲ್ಲಿ ಪಾಠ ಓದುವ ಹಾಗೆ ಒಂದೊಂದೇ ಅಂಕಿ ಬಿಡಿಸಿ ಓದಿದೆ. “ಮೂರು, ಆರು, ಒಂದು, ಒಂಬತ್ತು. ಇದು ನಮ್ಮ ಗಾಡಿ ನಂಬರ್ರಾ? ಈ ಬಣ್ಣ ಯಾರದು? ಗಾಡಿ ಸುಳ್ಳು ಹೇಳಲ್ಲ ಅಂತ ಗೋಡೆ ಮೇಲೆ ಬರೆಸಿದ್ದೀರಲ್ಲ, ಈಗ ಹೇಳಿ. ಅವತ್ತು ಎಲೆ ಮುಂದೆ ಸುಳ್ಳು ಹೇಳಿದ್ದು ಯಾರು?”

ಗೊಂಚಲು ಅವನ ಬೆರಳಿನಲ್ಲಿ ಇರಲಿಲ್ಲ, ನನ್ನ ಕೈಯಲ್ಲಿತ್ತು. ಬೆರಳು ಸುಮ್ಮನೆ ಗಾಳಿಯಲ್ಲಿ ಒಂದು ಸುತ್ತು ತಿರುಗಿತು. ಆಮೇಲೆ ಬಹಳ ಮೆಲ್ಲಗೆ, “ಅಮ್ಮಾ, ಒಳಗೆ ಬನ್ನಿ, ಮಾತಾಡಣ” ಅಂದ. ಅವನು ನನ್ನನ್ನೇ ನೋಡಿ ನನಗೇ ಹೇಳಿದ ಮೊದಲ ಮಾತು.

“ನೀವು ಒಳಗೆ ಕರೆದು ಹೇಳಿರಲಿಲ್ಲ” ಎಂದೆ.

ಬಸವರಾಜು ಮುಂದೆ ಬಂದ. ಯಾರೂ ಕೇಳದೆಯೇ, “ಅಕ್ಕ ಅವತ್ತು ತುಟಿ ಬಿಚ್ಚಲಿಲ್ಲ. ನಾನು ಅವತ್ತೇ ಹೇಳಬೇಕಿತ್ತು” ಎಂದು ಅತ್ತ. ನಾದಿನಿ ಎದ್ದು ಬಂದು ನನ್ನ ಪಕ್ಕ ನಿಂತಳು. ತಪ್ಪಾಯಿತು ಎಂದು ಅವಳು ಹೇಳಲಿಲ್ಲ, ಇವತ್ತಿಗೂ ಹೇಳಿಲ್ಲ. ಆದರೆ ಕುಂಬಳಕಾಯಿ ಚೂರುಗಳ ಮೇಲೆ ನನ್ನ ಕಾಲು ಜಾರದ ಹಾಗೆ ಮೊಣಕೈ ಹಿಡಿದುಕೊಂಡು ಕರೆದುಕೊಂಡು ಹೋದಳು.

ಗ್ಯಾರೇಜೇನೂ ಮುಚ್ಚಲಿಲ್ಲ. ಕೈ ಒಳ್ಳೆಯದು, ಜನ ಹೋಗುತ್ತಿದ್ದರು. ಆದರೆ ಮಾರನೇ ವರ್ಷದಿಂದ ಆಯುಧಪೂಜೆಗೆ ಅವರವರ ಕಾರು ಅವರವರೇ ಸ್ಟಾರ್ಟ್ ಮಾಡಿಕೊಂಡರಂತೆ. ಗೋಡೆ ಮೇಲಿನ ಮಾತಿಗೆ ಸುಣ್ಣ ಬಳಿಸಿದನಂತೆ. ಕೇಳಿ ನನಗೆ ಬೇಜಾರಾಗಲಿಲ್ಲ. ಆ ರಾತ್ರಿ ಎರಡು ಹೋಳಿಗೆ ಜಾಸ್ತಿ ತಿಂದೆ.

ಅವನು ಒಂದು ಸಲ ಮರಳೂರಿನ ಮನೆಗೂ ಬಂದಿದ್ದ. ಗೇಟಿನ ಹೊರಗೆ ನಿಂತ. ಬಿಳಿ ಷರಟೇ, ಆದರೆ ಕುತ್ತಿಗೆ ಸಣ್ಣಗಾಗಿ ಕಾಲರ್ ಸಡಿಲವಾಗಿತ್ತು. “ಆಗ ಹೊಸಾ ಪಂಪ್ ಸಿಗಲಿಲ್ಲ ಅಮ್ಮ. ಡಾಕ್ಟ್ರು ಅವಸರ ಅಂದ್ರು. ಸದ್ಯಕ್ಕೆ ಹಾಕಿ ಆಮೇಲೆ ಬದಲಾಯಿಸಣ ಅಂದ್ಕೊಂಡೆ. ಆಮೇಲೆ ಹೇಳೋಕೆ ಮುಖ ಬರಲಿಲ್ಲ” ಅಂದ.

“ಪಂಪಿಂದು ಬಿಡಿ” ಎಂದೆ. “ಆ ಮಾತು?”

ಅವನು ಕಾಲಿನಿಂದ ಮಣ್ಣು ಕೆದಕಿದ. “ಕ್ಷಮಿಸಿ ಅಂತ ಕೇಳೋಕೆ ಬಂದೆ.”

“ಕೇಳಿದ್ರಲ್ಲ” ಎಂದೆ. ಬಾಗಿಲು ಹಾಕಿಕೊಂಡೆ.

ಕೆಟ್ಟವಳು ಅಜ್ಜಿ ಎಂದು ನಿಮಗೆ ಅನ್ನಿಸಬಹುದು. ಸತ್ತ ಮೇಲಾದರೂ ಬಿಡಬಾರದೇ ಎಂದು ನಿಮ್ಮಪ್ಪ ಕೇಳಿದ. ಸಾಯುವುದೊಂದು ಪ್ರಾಯಶ್ಚಿತ್ತವೇ? ಎಲ್ಲರೂ ಸಾಯುತ್ತಾರೆ. ನಿಮ್ಮಜ್ಜನೂ ಸತ್ತರು, ಏನೂ ತಪ್ಪು ಮಾಡದೆ.

ಕುಣಿಗಲ್ಲಿನ ಗಡ್ಡದವನು ನಿಜವಾದ ಹೊಸ ಪಂಪು ಹಾಕಿಕೊಟ್ಟ. ಈಗ ಕಾಯುವ ಅಗತ್ಯವಿಲ್ಲ. ಒಂದೇ ತಿರುವಿಗೆ ಸ್ಟಾರ್ಟ್ ಆಗುತ್ತದೆ, ನಿಮ್ಮಪ್ಪನಿಗೂ ಆಗುತ್ತದೆ. ಆದರೂ ದಿನಾ ಬೆಳಿಗ್ಗೆ ಮೊದಲು ನಾನು ಕೂತು, ಸ್ಟಾರ್ಟ್ ಮಾಡಿ, ಆಮೇಲೆ ಹಿಂದೆ ಹೋಗಿ ನಿಮ್ಮ ಜೊತೆ ಕೂರುತ್ತೇನೆ. ಚಿರು, ನೀನು ಮಂತ್ರ ಯಾವುದು ಎಂದು ಕೇಳಿದೆಯಲ್ಲ. ಅರ್ಧ ತಿರುಗಿಸಿ ಕೈ ಮುಗಿದಾಗ ಮೊದಲನೆಯದು ನಿಮ್ಮಜ್ಜನಿಗೆ. ಎರಡನೆಯದು ದೇವರಿಗಲ್ಲ. ಕಣ್ಣು ಮುಚ್ಚಿಕೊಂಡು ಆ ಬಿಳಿ ಷರಟಿನವನನ್ನು ಎದುರಿಗೆ ನಿಲ್ಲಿಸಿಕೊಳ್ಳುತ್ತೇನೆ. ಹಿಂದೆ ಜುಂಯ್ ಎನ್ನುತ್ತದೆ. ‘ಕೇಳಿಸ್ತಾ? ನಾನು ಕೂಗಿರಲಿಲ್ಲ’ ಎಂದು ಅವನಿಗೆ ಹೇಳುತ್ತೇನೆ.

ಆಮೇಲೆ ಪೂರ್ತಿ ತಿರುಗಿಸುತ್ತೇನೆ.